ಸೆಣಬು ಕಳೆ ತಡೆಯಬಲ್ಲದು. ಐವತ್ತು ದಿನದ ಲಾವಣಿ ಕಟ್ಟುವವರಾರು?

2025ರ ಮುಂಗಾರು ವಿಜಯಪುರ ಸೀಮೆಯ ರೈತರಿಗೆ ಒಂದರ ಮೇಲೊಂದರಂತೆ ಪೆಟ್ಟು ಕೊಟ್ಟು ಹೋಯಿತು. ಜುಲೈ ತಿಂಗಳಲ್ಲಿ ಯೂರಿಯಾ ಸಿಗದೆ ರಾಜ್ಯದ ಹಲವು ಕಡೆ ರೈತರು ಗೊಬ್ಬರದಂಗಡಿಗಳ ಮುಂದೆ ಸಾಲುಗಟ್ಟಿ ನಿಂತರು. ಸೆಪ್ಟೆಂಬರ್ ಕಡೆಯಲ್ಲಿ ಮಹಾರಾಷ್ಟ್ರದ ಕಡೆಯಿಂದ ಹರಿದುಬಂದ ನೀರು ಭೀಮಾ ತೀರದ ಹೊಲಗಳಿಗೆ ನುಗ್ಗಿತು. ಉಳಿದ ಈರುಳ್ಳಿಯನ್ನು ಮಾರುಕಟ್ಟೆಗೆ ತಂದಾಗ ಬೆಲೆ ನೆಲ ಕಚ್ಚಿತ್ತು. ಈ ಮೂರೂ ಸಂಗತಿಗಳು ಸುದ್ದಿಯಾದವು, ಸದನದಲ್ಲಿ ಮತ್ತು ಹೊರಗೆ ಚರ್ಚೆಗೂ ಬಂದವು. ಇವುಗಳ ನಡುವೆ ಸದ್ದಿಲ್ಲದೆ ರೈತನ ಕಿಸೆ ಬರಿದು ಮಾಡಿದ ನಾಲ್ಕನೆಯದೊಂದಿತ್ತು. ಅದು ಕಳೆ. ಮಳೆ ಬಿಡದೆ ಹಿಡಿದ ವರ್ಷ ಎರೆಭೂಮಿಯಲ್ಲಿ ಕಾಲಿಡಲಾಗದು. ಕಾಲಿಡಲಾಗದ ಹೊಲದಲ್ಲಿ ಎಡೆಕುಂಟೆ ಹೊಡೆಯಲಾಗದು, ಆಳು ಹಚ್ಚಿ ಕಸ ತೆಗೆಸಲೂ ಆಗದು. ಹತ್ತು ಹದಿನೈದು ದಿನ ಹೀಗೆ ಕಳೆದರೆ ಈರುಳ್ಳಿ ಎಲ್ಲಿದೆ, ಕಸ ಎಲ್ಲಿದೆ ಎಂದು ಗುರುತಿಸುವುದೇ ಕಷ್ಟವಾಗುತ್ತದೆ.

ನಗರದ ಗ್ರಾಹಕನಿಗೆ ಈರುಳ್ಳಿಯ ಬೆಲೆ ಎಂದರೆ ರಫ್ತು ಸುಂಕ, ದಲ್ಲಾಳಿ, ನಾಸಿಕದ ದಾಸ್ತಾನು. ಬೆಳೆಯುವವನಿಗೆ ಅದು ಮೊದಲು ಕಳೆಯ ಲೆಕ್ಕ. ತರಕಾರಿಗಳಲ್ಲೆಲ್ಲ ಕಳೆಗೆ ಬೇಗ ಸೋಲುವ ಬೆಳೆಗಳ ಸಾಲಿನಲ್ಲಿ ಈರುಳ್ಳಿ ಮುಂದಿದೆ. ಅದರ ಎಲೆ ಸೂಜಿಯಂತೆ ನೆಟ್ಟಗೆ ನಿಲ್ಲುತ್ತದೆ, ನೆಲಕ್ಕೆ ನೆರಳು ಕೊಡುವುದಿಲ್ಲ. ಬೇರು ಮೇಲ್ಪದರ ಬಿಟ್ಟು ಕೆಳಗಿಳಿಯುವುದಿಲ್ಲ. ಮೊದಲ ಒಂದೂವರೆ ತಿಂಗಳು ಆಮೆಯ ನಡಿಗೆಯಲ್ಲಿ ಬೆಳೆಯುತ್ತದೆ. ಆ ಅವಧಿಯಲ್ಲಿ ಕಳೆ ಬಿಟ್ಟರೆ ಇಳುವರಿಯಲ್ಲಿ ಶೇಕಡಾ 40ರಿಂದ 80ರವರೆಗೆ ನಷ್ಟವಾಗಬಹುದೆಂದು ಕೃಷಿ ವಿಜ್ಞಾನಿಗಳ ಬರಹಗಳು ಹೇಳುತ್ತವೆ. ಉತ್ತರ ಕರ್ನಾಟಕದಲ್ಲಿ ಮಳೆಯಾಶ್ರಿತ ಈರುಳ್ಳಿಯನ್ನು ಅಗಿ ಹಾಕಿ ನಾಟಿ ಮಾಡುವುದಕ್ಕಿಂತ ಬೀಜವನ್ನೇ ನೇರವಾಗಿ ಬಿತ್ತುವುದು ರೂಢಿ. ಬೀಜ ಮತ್ತು ಕಳೆ ಒಟ್ಟಿಗೇ ಮೊಳೆಯುವುದರಿಂದ ಇಲ್ಲಿ ಕಳೆಗೆ ಇನ್ನಷ್ಟು ಅನುಕೂಲ.

ಈ ಹಿನ್ನೆಲೆಯಲ್ಲಿ ಹಸಿರೆಲೆ ಗೊಬ್ಬರದ ಬೆಳೆಗಳನ್ನು, ಅಂದರೆ ಸೆಣಬು, ಡಯಾಂಚ, ಅಲಸಂದಿಗಳನ್ನು, ತರಕಾರಿಗೆ ಮುನ್ನ ದಟ್ಟವಾಗಿ ಬೆಳೆಸಿ ಕಳೆಯನ್ನು ನೆರಳಿನಲ್ಲೇ ಹತ್ತಿಕ್ಕುವ ವಿಧಾನ ಮತ್ತೆ ಮಾತಿಗೆ ಬರುತ್ತಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಟ್ಟಿಗೆ ಇದು ಎಷ್ಟು ಸಾಧ್ಯ, ಎಲ್ಲಿ ಸಾಧ್ಯ, ಯಾರಿಗೆ ಸಾಧ್ಯ ಎಂಬುದು ಮಾತ್ರ ಸಲೀಸಾಗಿ ಉತ್ತರಿಸುವ ಪ್ರಶ್ನೆಯಲ್ಲ.

ಎರೆಭೂಮಿಯ ಹಳೆಯ ವಿದ್ಯೆ

ಹೊಸ ತಾಲ್ಲೂಕುಗಳು ಹುಟ್ಟುವ ಮೊದಲಿನ ಗಡಿಯಲ್ಲಿ ನೋಡಿದರೆ ಈ ನಾಲ್ಕು ತಾಲ್ಲೂಕುಗಳು ಜಿಲ್ಲೆಯ ಬಹುಭಾಗವನ್ನು ಆವರಿಸುತ್ತವೆ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ಕೊಲ್ಹಾರ, ನಿಡಗುಂದಿಗಳೆಲ್ಲ ಇವುಗಳಿಂದಲೇ ಒಡೆದು ಬಂದವು. ಬಡಗಣ ಗಡಿಗೆ ಭೀಮೆ, ತೆಂಕಣಕ್ಕೆ ಕೃಷ್ಣೆ, ನಡುವೆ ದೋಣಿ. ದೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಮಾತು ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲಿದೆ. ಆ ನದಿಯ ನೀರು ಉಪ್ಪು, ಅದರ ಬಯಲಿನ ಮಣ್ಣು ಮಾತ್ರ ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರಿನಲ್ಲಿ.

ಮಳೆಯ ಈ ಗುಣವನ್ನರಿತೇ ಇಲ್ಲಿಯ ಒಕ್ಕಲುತನ ರೂಪುಗೊಂಡಿತ್ತು. ಮುಂಗಾರಿನಲ್ಲಿ ಎರೆಭೂಮಿಯನ್ನು ಬಿತ್ತದೆ ಬಿಡುವುದು, ಮಳೆ ಬಿದ್ದು ಕಸ ಮೊಳೆತಾಗಲೆಲ್ಲ ಕುಂಟೆ ಹೊಡೆದು ಹರಗುವುದು, ತೇವವನ್ನು ಮಣ್ಣಿನೊಳಗೆ ಕೂಡಿಟ್ಟು ಹಿಂಗಾರಿಗೆ ಜೋಳ ಬಿತ್ತುವುದು. ಮೂರು ನಾಲ್ಕು ಬಾರಿ ಹರಗಿದ ಹೊಲದಲ್ಲಿ ಕಳೆಬೀಜ ಮೊಳೆತು ಮೊಳೆತು ತೀರಿಹೋಗಿರುತ್ತಿತ್ತು. ಇಂದು ಕೃಷಿ ವಿಶ್ವವಿದ್ಯಾಲಯಗಳು ‘ಬಿತ್ತನೆಗೆ ಮುನ್ನ ಮೊಳೆಸಿ ಕೊಲ್ಲುವ’ ಪದ್ಧತಿ ಎಂದು ಹೇಳಿಕೊಡುವುದನ್ನು ಎತ್ತಿನ ಬಾಲ ಹಿಡಿದವರು ಹೆಸರಿಡದೆ ಮಾಡುತ್ತಿದ್ದರು. ಆಳಕ್ಕೆ ಬೇರುಬಿಟ್ಟ ಕರಕಿಗೆ ಮಾತ್ರ ಕುಂಟೆ ಸಾಲದು. ಅದಕ್ಕೆ ಕಬ್ಬಿಣದ ನೇಗಿಲು ಹೂಡಿ ಜೋಡಿ ಜೋಡಿ ಎತ್ತು ಕಟ್ಟಿ ಆಳ ಉಳುಮೆ ಮಾಡಬೇಕಿತ್ತು. 1930ರ ದಶಕದಲ್ಲಿ ವಿಜಯಪುರದಲ್ಲಿ ಆರಂಭವಾದ ಒಣಬೇಸಾಯ ಸಂಶೋಧನೆಯೂ ಇದೇ ತೇವ ಮತ್ತು ಇದೇ ಹರಗಾಟದ ಸುತ್ತ ನಡೆದದ್ದು. ಚೌಕು ಮಡಿ ಕಟ್ಟಿ ಬಿದ್ದ ನೀರನ್ನು ಬಿದ್ದಲ್ಲೇ ಇಂಗಿಸುವ ಕ್ರಮ ಅಲ್ಲಿಂದ ಹೊಲಗಳಿಗೆ ಬಂತು.

ನೀರು ಬಂದ ಮೇಲೆ ಚಿತ್ರ ಬದಲಾಯಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆ ನಾಲ್ಕು ದಶಕಗಳ ಬಳಿಕ, 2006ರಲ್ಲಿ, ಲೋಕಾರ್ಪಣೆಯಾಯಿತು. ಎಡದಂಡೆ ಕಾಲುವೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿ, ನಾರಾಯಣಪುರ ಜಲಾಶಯದಿಂದ ಬರುವ ಇಂಡಿ ಶಾಖಾ ಕಾಲುವೆ ಇವೆಲ್ಲ ಒಂದೊಂದಾಗಿ ಹೊಲ ಮುಟ್ಟಿದವು. ಕೆಲವು ಕಡೆ ಇನ್ನೂ ಮುಟ್ಟುತ್ತಿವೆ. ಕೊಳವೆಬಾವಿಗಳು ಅದಕ್ಕೂ ಮೊದಲೇ ಬಂದಿದ್ದವು. ಒಂದು ಬೆಳೆ ತೆಗೆಯುತ್ತಿದ್ದ ಹೊಲದಲ್ಲಿ ಎರಡು, ಕೆಲವೊಮ್ಮೆ ಮೂರು ಬೆಳೆ. ಜೋಳದ ಜಾಗದಲ್ಲಿ ಕಬ್ಬು, ಈರುಳ್ಳಿ, ಮೆಣಸಿನಕಾಯಿ, ಟೊಮೆಟೊ, ಬದನೆ. ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು ಹರಗುವ ವ್ಯವಧಾನ ಹೋಯಿತು. ಅದರ ಜೊತೆಗೆ ಕಳೆಬೀಜವನ್ನು ತೀರಿಸುತ್ತಿದ್ದ ಹಳೆಯ ಉಪಾಯವೂ ಹೋಯಿತು. ಕಾಲುವೆಯ ನೀರು ಬೆಳೆಗೆ ಹೋದಷ್ಟೇ ಕಸಕ್ಕೂ ಹೋಗುತ್ತದೆ; ಮೇಲಿನ ಹೊಲದ ಕಸದ ಬೀಜವನ್ನು ಕೆಳಗಿನ ಹೊಲಕ್ಕೆ ಹೊತ್ತು ತರುವುದೂ ಅದೇ ನೀರು. ಒಂದು ಪಾರ್ಥೇನಿಯಂ ಗಿಡ, ಹಳ್ಳಿಗರು ಕಾಂಗ್ರೆಸ್ ಕಸ ಎನ್ನುವ ಅದೇ ಗಿಡ, ಸಾವಿರಾರು ಬೀಜ ಉದುರಿಸಬಲ್ಲದು.

ಆಳು ಇಲ್ಲ, ಕ್ಯಾನ್ ಇದೆ

ಕುಂಟೆ ಹೊಡೆಯಲು ಎತ್ತು ಬೇಕು. ಖಿಲಾರಿ ಎತ್ತಿನ ಜೋಡಿಗೆ ಹೆಸರಾದ ಈ ಸೀಮೆಯಲ್ಲೂ ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಗಳು ಖಾಲಿಯಾಗುತ್ತ ಬಂದಿವೆ. ಉಳಿದದ್ದು ಕೈಗಳವ. ಕಳೆ ತೆಗೆಯುವುದು ಈ ಭಾಗದಲ್ಲಿ ಬಹುಮಟ್ಟಿಗೆ ಹೆಂಗಸರ ಕೆಲಸ. ಈರುಳ್ಳಿಗೆ ಎರಡರಿಂದ ಮೂರು ಬಾರಿ ಆಳು ಹಚ್ಚಬೇಕಾಗುತ್ತದೆ. ಎಲ್ಲರ ಹೊಲದಲ್ಲೂ ಕಳೆ ಏಳುವುದು ಒಂದೇ ವಾರದಲ್ಲಾದ್ದರಿಂದ ಎಲ್ಲರಿಗೂ ಆಳು ಬೇಕಾಗುವುದೂ ಅದೇ ವಾರ. ಗೋವಾ, ಮಹಾರಾಷ್ಟ್ರ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳು ಈ ನಾಲ್ಕೂ ತಾಲ್ಲೂಕುಗಳಲ್ಲಿವೆ. ದಶಕಗಳ ಕಾಲ ಬರದಿಂದ ಹೋದವರು, ನೀರಾವರಿ ಬಂದ ಮೇಲೂ ಪೂರ್ತಿ ಮರಳಲಿಲ್ಲ. ಹೀಗಾಗಿ ಊರಿನಲ್ಲಿ ಉಳಿದ ಹೆಂಗಸರನ್ನು ಟಂಟಂ ವಾಹನದಲ್ಲಿ ಪಕ್ಕದ ಊರುಗಳಿಂದ ಕರೆತರುವುದು, ಬಾಡಿಗೆ ಕೊಡುವುದು, ಕೂಲಿಯಲ್ಲಿ ಪೈಪೋಟಿ ನಡೆಸುವುದು ಸಾಮಾನ್ಯವಾಗಿದೆ.

ಆ ಜಾಗಕ್ಕೆ ಕಳೆನಾಶಕ ಬಂತು. ಈರುಳ್ಳಿಯಲ್ಲಿ ಪೆಂಡಿಮೆಥಾಲಿನ್, ಆಕ್ಸಿಫ್ಲೋರ್ಫೆನ್‌ಗಳಂಥವನ್ನು ಕೃಷಿ ಸಂಸ್ಥೆಗಳೇ ಶಿಫಾರಸು ಮಾಡುತ್ತವೆ. ಪ್ರಮಾಣ, ಸಮಯ, ಮಣ್ಣಿನ ತೇವ ಸರಿಯಿದ್ದರೆ ಅವು ಕೆಲಸ ಮಾಡುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ತೊಂದರೆ ಇರುವುದು ಆ ‘ಸರಿಯಿದ್ದರೆ’ ಎಂಬಲ್ಲಿ. ಅಂಗಡಿಯವನ ಮಾತೇ ಶಿಫಾರಸಾದಾಗ ಒಂದೇ ಪಂಪು, ಒಂದೇ ನಳಿಗೆ ಎಲ್ಲ ಔಷಧಿಗೂ ಬಳಕೆಯಾಗುತ್ತದೆ. ಕಬ್ಬಿನ ಗದ್ದೆಗೆ ಹೊಡೆಯುವ 2,4-ಡಿ ಗಾಳಿಯಲ್ಲಿ ತೇಲಿ ದ್ರಾಕ್ಷಿ, ಟೊಮೆಟೊ, ಹತ್ತಿಯ ಎಲೆ ಮುರುಟಿಸಬಲ್ಲದು; ಈ ಮೂರೂ ಬೆಳೆಗಳು ಅದಕ್ಕೆ ಅತಿ ಸೂಕ್ಷ್ಮ. ದ್ರಾಕ್ಷಿಯೂ ಕಬ್ಬೂ ಬದುವಿನಾಚೆ ಈಚೆ ಇರುವ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವೇನಲ್ಲ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿತು. ಹಳ್ಳಿಯಲ್ಲಿ ಅಂಥ ನಿರ್ವಾಹಕನನ್ನು ಎಲ್ಲಿ ಹುಡುಕಬೇಕೆಂದು ಆದೇಶ ಹೇಳಲಿಲ್ಲ. ನಿರ್ಬಂಧ ಹಾಕಿದವರು ಬದಲಿ ದಾರಿಯ ಬಗ್ಗೆ ಮಾತಾಡಬೇಕಿತ್ತು.

ನೆರಳಿನ ಕೆಲಸ

ಬದಲಿ ದಾರಿಗಳಲ್ಲಿ ಒಂದು ಸೆಣಬು. ತಾಳು ಸುಲಿದು ಹಗ್ಗ ಹೊಸೆಯಲು ಹಿಂದೆ ಊರೂರಿನಲ್ಲಿ ಬೆಳೆಯುತ್ತಿದ್ದ, ಹಳದಿ ಹೂವಿನ ಅದೇ ಗಿಡ. ಮೂಲ ಭಾರತದ್ದು. ಅಮೆರಿಕದ ಹವಾಯಿಯಲ್ಲಿ 1980ರ ದಶಕದ ಆರಂಭದಲ್ಲಿ ಇದರದೊಂದು ತಳಿಯನ್ನು ಹೊದಿಕೆ ಬೆಳೆಗೆಂದೇ ಬಿಡುಗಡೆ ಮಾಡಲಾಯಿತು. ಬ್ರೆಜಿಲ್‌ನಲ್ಲಿ ಸೆಣಬನ್ನು ಉರುಳೆಯಿಂದ ನೆಲಕ್ಕೆ ಮಲಗಿಸಿ ಅದರ ಮೇಲೆಯೇ ಮುಂದಿನ ಬೆಳೆ ಬಿತ್ತುತ್ತಾರೆ. ಹಗ್ಗಕ್ಕೆ ಪ್ಲಾಸ್ಟಿಕ್ ಬಂದ ಮೇಲೆ ನಮ್ಮಲ್ಲಿ ಮೂಲೆಗೆ ಸೇರಿದ ಬೆಳೆ ಕಡಲಾಚೆ ಹೀಗೆ ಮರ್ಯಾದೆ ಪಡೆಯಿತು.

ಅದು ಕೆಲಸ ಮಾಡುವ ರೀತಿ ಸರಳ. ತೇವದಲ್ಲಿ ದಟ್ಟವಾಗಿ ಬಿತ್ತಿದ ಸೆಣಬು ಮೂರು ನಾಲ್ಕು ವಾರದಲ್ಲಿ ನೆಲ ಮುಚ್ಚುತ್ತದೆ. ಪಾರ್ಥೇನಿಯಂ, ಹರಿವೆ ಜಾತಿಯ ಕಸಗಳಂಥ ಸಣ್ಣ ಬೀಜದ ಕಳೆಗಳು ಮೊಳೆಯಲು ಬೆಳಕು ಬೇಕು. ಮೊಳೆತ ಮೇಲೆ ಬದುಕಲೂ ಬೆಳಕು ಬೇಕು. ಎರಡೂ ಸಿಗದೆ ಬಹುಪಾಲು ಕಳೆ ಹೂ ಬಿಡುವ ಮೊದಲೇ ಸೊರಗುತ್ತದೆ. ಹೂ ಬಿಡದ ಕಳೆ ಬೀಜ ಬಿಡದು. ಈ ಕೊನೆಯ ಮಾತೇ ಮುಖ್ಯ. ಆಳು ಹಚ್ಚಿ ತೆಗೆಸುವುದು ಈ ವರ್ಷದ ಕಸ; ಹೊದಿಕೆ ಬೆಳೆ ಕಡಿಮೆ ಮಾಡುವುದು ಬರುವ ವರ್ಷಗಳ ಕಸ. ಬಿತ್ತಿದ 45ರಿಂದ 50 ದಿನಕ್ಕೆ, ಹೂ ಕಾಣಿಸಿಕೊಳ್ಳುವ ಹೊತ್ತಿಗೆ, ರೋಟಾವೇಟರ್ ಹೊಡೆದು ಮಣ್ಣಿಗೆ ಸೇರಿಸಬೇಕು. ತಡಮಾಡಿದರೆ ಕಾಂಡ ನಾರಾಗುತ್ತದೆ, ಕರಗುವುದಿಲ್ಲ, ಕರಗಲು ಮಣ್ಣಿನ ಸಾರಜನಕವನ್ನೇ ಬೇಡುತ್ತದೆ. ಸೆಣಬಿಗೆ ಇನ್ನೊಂದು ಗುಣವಿದೆ. ಟೊಮೆಟೊ, ಬದನೆಯ ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ಅದರ ಬೇರಿನಲ್ಲಿ ಚೆನ್ನಾಗಿ ಬೆಳೆಯಲಾರದು.

ಗಿಡದಿಂದ ಗಿಡವನ್ನು ಸೋಲಿಸುವ ಈ ವಿಚಾರ ಕರ್ನಾಟಕಕ್ಕೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ. ಭತ್ತದ ತಳಿಗಳಿಂದ ಹೆಸರಾದ, ಮುಂದೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪನವರು 1980ರ ದಶಕದಲ್ಲೇ ಪಾರ್ಥೇನಿಯಂ ವಿರುದ್ಧ ಕ್ಯಾಸಿಯಾ ಸೆರೀಸಿಯ ಎಂಬ, ತಗಚೆಯ ಬಳಗದ ಗಿಡವನ್ನು ಮುಂದಿಟ್ಟರು. ಪಾರ್ಥೇನಿಯಂ ಇರುವಲ್ಲಿ ಅದರ ಬೀಜ ಎರಚಿದರೆ ದಟ್ಟವಾಗಿ ಬೆಳೆದು ಕಳೆಗೆ ಜಾಗವನ್ನೇ ಕೊಡುವುದಿಲ್ಲ ಎಂಬುದು ಆ ಪ್ರಯೋಗದ ಸಾರ. ಅದು ರಸ್ತೆಬದಿ ಮತ್ತು ಬೀಳುಭೂಮಿಗೆ ಹೊಂದುವ ಉಪಾಯ. ಹೊಲದಲ್ಲಿ ಆ ಗಿಡವೇ ಕಳೆಯಾಗಬಹುದು. ಸೆಣಬು, ಡಯಾಂಚಗಳು ಅದೇ ತತ್ತ್ವವನ್ನು ಹೊಲದೊಳಗೆ ತರುತ್ತವೆ, ಕೆಲಸ ಮುಗಿದ ಮೇಲೆ ಗೊಬ್ಬರವಾಗುತ್ತವೆ.

ಆದರೆ ಇದನ್ನು ಸರ್ವರೋಗ ನಿವಾರಕವೆಂದು ಮಾರುವವರ ಮಾತನ್ನು ನಂಬಿದ ರೈತ ಮೋಸ ಹೋಗುತ್ತಾನೆ. ಜೇಕಿನ ಗಡ್ಡೆ ಮಣ್ಣಿನೊಳಗೆ ಕಾದು ಕುಳಿತಿರುತ್ತದೆ. ನೆರಳು ಅದನ್ನು ಸೊರಗಿಸೀತು, ಕೊಲ್ಲಲಾರದು. ಕರಕಿಯ ಕಥೆಯೂ ಅದೇ. ಇವೆರಡು ತುಂಬಿದ ಹೊಲಕ್ಕೆ ಬೇಸಗೆಯ ಆಳ ಉಳುಮೆ ಮೊದಲು, ಸೆಣಬು ಆಮೇಲೆ. ಇನ್ನೊಂದು ಎಚ್ಚರ ಈರುಳ್ಳಿ ಬೆಳೆಗಾರರಿಗೆ ವಿಶೇಷವಾಗಿ ಬೇಕು. ಕೊಳೆಯುತ್ತಿರುವ ಹಸಿರೆಲೆ ಸಣ್ಣ ಬೀಜದ ಮೊಳಕೆಯನ್ನು ತಡೆಯುತ್ತದೆ. ಕಳೆಯ ಬೀಜವೂ ಸಣ್ಣದು, ಈರುಳ್ಳಿಯ ಬೀಜವೂ ಸಣ್ಣದು. ಮಣ್ಣಿಗೆ ಅವೆರಡರ ನಡುವೆ ಭೇದವಿಲ್ಲ. ಹೊಲಕ್ಕೆ ಸೇರಿಸಿದ ಮೇಲೆ ಕನಿಷ್ಠ ಎರಡು ವಾರ ಬಿಡಬೇಕು, ನೇರ ಬಿತ್ತನೆಗಿಂತ ನಾಟಿಯೇ ಕ್ಷೇಮ. ಮೆಣಸಿನಕಾಯಿ, ಟೊಮೆಟೊ, ಬದನೆ ಹೇಗೂ ನಾಟಿಯ ಬೆಳೆಗಳು. ಅಲ್ಲಿ ಈ ತೊಡಕಿಲ್ಲ.

ಜೂನ್‌ನಲ್ಲಿ ಬಿತ್ತುವ ಮಳೆಯಾಶ್ರಿತ ಈರುಳ್ಳಿಗೆ ಮುನ್ನ ಸೆಣಬಿಗೆ ಎಡೆಯೇ ಇಲ್ಲ. ಮೊದಲ ಮಳೆಗೆ ಸೆಣಬು ಬಿತ್ತಿದವನು ಈರುಳ್ಳಿಗೆ ಬರುವುದು ಆಗಸ್ಟ್ ಮಧ್ಯದ ನಂತರ. ನೀರಿನ ಖಾತರಿ ಇದ್ದರೆ ಅದು ತಡ ಮುಂಗಾರು ಅಥವಾ ಹಿಂಗಾರಿನ ನಾಟಿ ಈರುಳ್ಳಿಯಾಗುತ್ತದೆ, ಇಲ್ಲದಿದ್ದರೆ ಇಲ್ಲ. ಖುಷ್ಕಿ ಹೊಲದಲ್ಲಿ ಆತಂಕ ಇನ್ನೂ ದೊಡ್ಡದು: ಸೆಣಬು ಕುಡಿದ ತೇವ ಜೋಳಕ್ಕೆ ಸಿಗದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಖುಷ್ಕಿಯಲ್ಲಿ ಹಸಿರೆಲೆ ಬಿತ್ತಿದವನು ಬೀಜವನ್ನೂ ತೇವವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟ ಹಿರಿಯರು ಮೂರ್ಖರಾಗಿರಲಿಲ್ಲ.

ಒಂದೊಂದು ನೆಲಕ್ಕೆ ಒಂದೊಂದು ಲೆಕ್ಕ

ಆದ್ದರಿಂದ ನಾಲ್ಕೂ ತಾಲ್ಲೂಕುಗಳಿಗೆ ಒಂದೇ ಸಲಹೆ ಹೊಂದದು. ಇಂಡಿಯನ್ನು ನೋಡಬೇಕು. ಭೌಗೋಳಿಕ ಗುರುತು ಪಡೆದ ಇಲ್ಲಿಯ ಲಿಂಬೆ 2025ರಲ್ಲಿ ಯುಎಇ ಮಾರುಕಟ್ಟೆಗೂ ಹೋಯಿತು. ಲಿಂಬೆ ಅಭಿವೃದ್ಧಿ ಮಂಡಳಿಯ ನೆಲೆಯೂ ಇಂಡಿಯೇ. ಲಿಂಬೆ ತರಕಾರಿಯಲ್ಲ ನಿಜ. ಆದರೆ ಹೊದಿಕೆ ಬೆಳೆಗೆ ಅತ್ಯಂತ ಸುಲಭದ ಜಾಗ ತೋಟದ ಸಾಲುಗಳ ನಡುವಣ ಖಾಲಿ ನೆಲ. ಅಲ್ಲಿ ಸೆಣಬು ಅಥವಾ ಅಲಸಂದಿ ಬಿತ್ತಿದರೆ ಯಾವ ಬೆಳೆಯೂ ಜಾಗ ಬಿಟ್ಟುಕೊಡಬೇಕಿಲ್ಲ. ಮಳೆಗಾಲದಲ್ಲಿ ಬೆಳೆಸಿ, ನೀರಿಗೆ ತತ್ವಾರ ಬರುವ ಮೊದಲೇ ಕೊಯ್ದು ಗಿಡದ ಬುಡಕ್ಕೆ ಹೊದಿಸಿದರೆ ಕಸವೂ ತಗ್ಗುತ್ತದೆ, ಬುಡದ ತೇವವೂ ಉಳಿಯುತ್ತದೆ. ಎಳೆಯ ತೋಟದ ನಡುವೆ ಮೆಣಸಿನಕಾಯಿ, ಬದನೆ ಹಾಕುವವರು ಒಂದು ವರ್ಷ ಬಿಟ್ಟು ಒಂದು ವರ್ಷ ಸಾಲು ಬದಲಿಸಬಹುದು.

ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ಕಾಲುವೆ ಪ್ರದೇಶದಲ್ಲಿ ಪ್ರಶ್ನೆ ಬೇರೆ. ಕಪ್ಪು ಜೇಡಿಗೆ ಅತಿ ನೀರು ಹರಿಸಿ, ಬಸಿಯಲು ದಾರಿ ಮಾಡದೆ, ಸವಳು ಜವಳಾದ ನೆಲ ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟಿನಲ್ಲಿ ಇದೆ. ಅಲ್ಲಿ ಸೆಣಬು ನಿಲ್ಲದು. ನೀರು ನಿಂತರೆ ಅದು ಕೊಳೆಯುತ್ತದೆ. ಡಯಾಂಚ ನಿಲ್ಲುತ್ತದೆ. ಸವಳನ್ನೂ ಜವಳನ್ನೂ ಸಹಿಸುವ ಈ ಗಿಡವನ್ನು ಕ್ಷಾರ ಭೂಮಿಯ ಸುಧಾರಣೆಗೆ ದೇಶದ ಹಲವೆಡೆ ಬಳಸುತ್ತಾರೆ. ಇಂಥ ನೆಲದಲ್ಲಿ ಕಳೆ ತಡೆಯುವುದು ಅದರ ಎರಡನೆಯ ಕೆಲಸ, ಮಣ್ಣನ್ನು ಬದುಕಿಸುವುದು ಮೊದಲನೆಯದು.

ಸಿಂದಗಿಯ ಬಹುಭಾಗ ತೊಗರಿ, ಹತ್ತಿಯ ನೆಲ. ತರಕಾರಿ ಇರುವುದು ಬಾವಿ, ಕಾಲುವೆ, ಭೀಮೆಯ ಪಂಪಿನ ಆಸರೆಯಲ್ಲಿ. ಅಲ್ಲಿ ಹೊದಿಕೆ ಬೆಳೆ ಹಿಡಿತಕ್ಕೆ ಬರುವುದು ಸಣ್ಣ ತುಂಡುಗಳಲ್ಲಿ ಮಾತ್ರ.

ಯಾರ ಐವತ್ತು ದಿನ?

ಇಷ್ಟೆಲ್ಲ ಗೊತ್ತಿದ್ದೂ ಸೆಣಬು ಏಕೆ ಹೊಲಕ್ಕೆ ಬರುತ್ತಿಲ್ಲ? ಅಜ್ಞಾನವೆಂದು ಹೇಳುವುದು ಕಚೇರಿಗಳಿಗೆ ಅನುಕೂಲದ ಉತ್ತರ. ಹೊಲದ ಲೆಕ್ಕ ಹಾಗೆ ಹೇಳುವುದಿಲ್ಲ.

ಹಸಿರೆಲೆ ಗೊಬ್ಬರವನ್ನು ಇಲಾಖೆಗಳು ಇದುವರೆಗೆ ಗೊಬ್ಬರವೆಂದೇ ಪ್ರಚಾರ ಮಾಡಿವೆ. ಒಂದು ಒಳ್ಳೆಯ ಸೆಣಬಿನ ಬೆಳೆ ಹೆಕ್ಟೇರಿಗೆ ಸುಮಾರು 50 ಕಿಲೋ ಸಾರಜನಕ ಕೊಡುತ್ತದೆಂದು ಹಿಡಿದರೆ ಎಕರೆಗೆ 20 ಕಿಲೋ. ಅದು 45 ಕಿಲೋ ತೂಕದ ಒಂದು ಯೂರಿಯಾ ಚೀಲಕ್ಕೆ ಸಮ. ಆ ಚೀಲದ ಬೆಲೆ ತೆರಿಗೆ ಮತ್ತು ಬೇವಿನ ಲೇಪನದ ವೆಚ್ಚ ಬಿಟ್ಟು 242 ರೂಪಾಯಿ. ಉಳಿದದ್ದನ್ನು ಕೇಂದ್ರ ಸರ್ಕಾರ ಸಹಾಯಧನವಾಗಿ ಭರಿಸುತ್ತದೆ. ಸೆಣಬಿನ ಬೀಜ, ಬಿತ್ತನೆ, ರೋಟಾವೇಟರ್ ಬಾಡಿಗೆ ಸೇರಿಸಿದರೆ ಆ ದರಕ್ಕೆ ಸರಿಗಟ್ಟುವುದು ಅಸಾಧ್ಯ. 2025ರ ಜುಲೈನಂತೆ ಚೀಲ ಸಿಗದೆ ಹೋದ ವರ್ಷ ಮಾತ್ರ ಈ ಪ್ರಚಾರಕ್ಕೆ ಕಿವಿಗೊಡುವವರಿರುತ್ತಾರೆ. ಅದೇ ಸೆಣಬನ್ನು ಕಳೆಯ ಲೆಕ್ಕದಲ್ಲಿ ಇಟ್ಟು ನೋಡಿದರೆ ತೂಕ ಬದಲಾಗುತ್ತದೆ. ಮೂರು ಬಾರಿ ಆಳು ಹಚ್ಚುವಲ್ಲಿ ಒಂದು ಬಾರಿ ತಪ್ಪಿದರೂ ಉಳಿಯುವ ಹಣ ಒಂದು ಚೀಲ ಯೂರಿಯಾದ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಕೂಲಿಗೆ ಸಹಾಯಧನವಿಲ್ಲ, ಅದನ್ನು ರೈತ ತನ್ನ ಕಿಸೆಯಿಂದಲೇ ಕೊಡುತ್ತಾನೆ. ಹಾಗಿದ್ದೂ ಇಲಾಖೆಯ ಕರಪತ್ರಗಳಲ್ಲಿ ಸಾರಜನಕದ ಮಾತು ಮುಂದೆ, ಕಳೆಯ ಮಾತು ಇದ್ದರೆ ಕೊನೆಯ ಸಾಲಿನಲ್ಲಿ.

ಎರಡನೆಯ ತೊಡಕು ಇನ್ನೂ ಗಟ್ಟಿಯದು. ಅದು ದಿನಗಳದು. ಸೆಣಬಿಗೆ 50 ದಿನ, ಕರಗಲು 15 ದಿನ. ಎರಡು ತಿಂಗಳಿಗೂ ಮಿಕ್ಕಿ ಹೊಲ ಕಾಸು ಕೊಡದೆ ನಿಲ್ಲುತ್ತದೆ. ಸ್ವಂತ ಹೊಲದವನು ಅದನ್ನು ಮುಂದಿನ ವರ್ಷಗಳ ಮೇಲೆ ಹೂಡಿದ ಹಣವೆಂದುಕೊಳ್ಳಬಹುದು. ಲಾವಣಿ ಹಾಕಿಕೊಂಡವನು ಹಾಗೆಂದುಕೊಳ್ಳಲಾರ. ಮುಂಗಡವಾಗಿ ವರ್ಷದ ಹಣ ಕಟ್ಟಿ ಹೊಲ ಹಿಡಿದವನಿಗೆ ಪ್ರತಿ ದಿನವೂ ಬಾಡಿಗೆ ಓಡುತ್ತಿರುತ್ತದೆ. ಅವನು ಇಂದು ಹತ್ತಿಕ್ಕಿದ ಕಳೆಯ ಲಾಭ ಬರುವುದು ಮುಂದಿನ ವರ್ಷ. ಮುಂದಿನ ವರ್ಷ ಆ ಹೊಲ ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ. ಹೊಲ ಹಸನಾದರೆ ಒಡೆಯ ಲಾವಣಿ ಹೆಚ್ಚಿಸುವ ಸಾಧ್ಯತೆಯೂ ಇದೆ.

ಈ ಲಾವಣಿಗೆ ಕಾಗದವಿಲ್ಲ. 1961ರ ಕರ್ನಾಟಕ ಭೂಸುಧಾರಣೆ ಕಾಯ್ದೆ, ಅದರಲ್ಲೂ 1974ರ ತಿದ್ದುಪಡಿ, ಗೇಣಿಯನ್ನು ಕೆಲವೇ ವಿನಾಯಿತಿಗಳೊಂದಿಗೆ ನಿಷೇಧಿಸಿತು. ಉಳುವವನೇ ಹೊಲದೊಡೆಯನಾಗಬೇಕೆಂಬ ಆ ಕಾನೂನಿನ ಉದ್ದೇಶ ದೊಡ್ಡದು. ಲಕ್ಷಾಂತರ ಗೇಣಿದಾರರಿಗೆ ಅದು ಭೂಮಿ ಕೊಟ್ಟಿತು. 2020ರ ತಿದ್ದುಪಡಿ ಕೃಷಿಕರಲ್ಲದವರೂ ಭೂಮಿ ಕೊಳ್ಳಲು ದಾರಿ ತೆರೆಯಿತೇ ಹೊರತು ಬಾಯಿಮಾತಿನ ಲಾವಣಿಯಲ್ಲಿ ದುಡಿಯುವವನ ಕಡೆ ನೋಡಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಆ ಹೊಲದ ಗುರುತಿಲ್ಲ. ಗುರುತಿಲ್ಲದವನಿಗೆ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜವಿಲ್ಲ. ಹೀಗೆ ಯಾರ ಹೊಲದಲ್ಲಿ ಕಳೆ ಹೆಚ್ಚೋ, ಯಾರ ಕೂಲಿ ಖರ್ಚು ಹೆಚ್ಚೋ, ಅವನೇ ಯೋಜನೆಯ ಹೊರಗುಳಿಯುತ್ತಾನೆ.

ಯೋಜನೆಗಳಿಗೇನೂ ಕೊರತೆಯಿಲ್ಲ. ಸಾವಯವ ಕೃಷಿಗೆ ಪ್ರತ್ಯೇಕ ನೀತಿಯನ್ನು ಕರ್ನಾಟಕ 2004ರಷ್ಟು ಹಿಂದೆಯೇ ಪ್ರಕಟಿಸಿತು. ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ 2015ರಲ್ಲಿ ಬಂತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 2,481 ಕೋಟಿ ರೂಪಾಯಿ ವೆಚ್ಚದ ನೈಸರ್ಗಿಕ ಕೃಷಿ ಮಿಷನ್‌ಗೆ ಒಪ್ಪಿಗೆ ನೀಡಿತು. ಎಲ್ಲವೂ ಬೀಜ, ತರಬೇತಿ, ಗುಂಪು, ಪ್ರಮಾಣಪತ್ರಗಳ ಭಾಷೆಯಲ್ಲಿ ಮಾತಾಡುತ್ತವೆ. ಹೊಲ ಖಾಲಿ ನಿಂತ ದಿನಗಳಿಗೆ ಬೆಲೆ ಕಟ್ಟುವ ಮಾತು ಅವುಗಳ ಮುಖ್ಯ ಧಾರೆಯಲ್ಲಿಲ್ಲ. ಯೂರಿಯಾ ಚೀಲಕ್ಕೆ ಕೊಡುವ ಸಹಾಯಧನದ ಒಂದು ಪಾಲನ್ನು, ಒಂದು ಮುಂಗಾರು ಹಸಿರೆಲೆ ಬೆಳೆದು ಮಣ್ಣಿಗೆ ಸೇರಿಸಿದವನ ಖಾತೆಗೆ ಹಾಕುವುದು ಲೆಕ್ಕಶಾಸ್ತ್ರದಲ್ಲಿ ಕಷ್ಟವೇನಲ್ಲ. ಬೆಳೆ ಸಮೀಕ್ಷೆಗೆ ಹೊಲಹೊಲದ ಫೋಟೋ ತೆಗೆಸುವ ವ್ಯವಸ್ಥೆ ರಾಜ್ಯದಲ್ಲಿ ಈಗಾಗಲೇ ಇದೆ. ಹಣ ಹೊಲದೊಡೆಯನಿಗೆ ಹೋಗಬೇಕೋ ಬೆಳೆದವನಿಗೋ ಎಂಬಲ್ಲಿ ಮಾತ್ರ ಮತ್ತೆ ಅದೇ ಲಾವಣಿಯ ಗಂಟು ಎದುರಾಗುತ್ತದೆ.

ರೈತರು ತಾವೇ ಕಂಡುಕೊಂಡ ನಡುದಾರಿಯೊಂದಿದೆ: ಹೆಸರು. 65ರಿಂದ 70 ದಿನದ ಬೆಳೆ. ಕಾಯಿ ಬಿಡಿಸಿಕೊಂಡು ಬಳ್ಳಿಯನ್ನು ಮಣ್ಣಿಗೆ ಸೇರಿಸಿದರೆ ಕಾಸೂ ಬಂತು, ಗೊಬ್ಬರವೂ ಆಯಿತು. 2025–26ರ ಹಂಗಾಮಿಗೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಸೆಣಬಿನಷ್ಟು ಸೊಪ್ಪು ಇಲ್ಲ, ಅಷ್ಟು ನೆರಳೂ ಇಲ್ಲ. ಮೊದಲ ತಿಂಗಳು ಹೆಸರಿಗೇ ಒಮ್ಮೆ ಎಡೆ ಹೊಡೆಯಬೇಕು. ಕಳೆ ತಡೆಯುವ ಶಕ್ತಿಯಲ್ಲಿ ಅದು ಎರಡನೆಯ ದರ್ಜೆಯದೇ. ಆದರೆ ಲಾವಣಿ ಹೊಲದವನೂ ಧೈರ್ಯದಿಂದ ಬಿತ್ತಬಹುದಾದ ಹಸಿರೆಲೆ ಇದ್ದರೆ ಅದು ಇದೊಂದೇ. ಅಲಸಂದಿಯನ್ನೂ ಇದರ ಜೊತೆ ಹೇಳಬಹುದು. ನೆಲಕ್ಕೆ ಹರಡುವ ಜಾತಿಯಾದರೆ ಕಸವನ್ನು ಹೆಸರಿಗಿಂತ ಚೆನ್ನಾಗಿ ಮುಚ್ಚುತ್ತದೆ, ಎಳೆಗಾಯಿ ಸಂತೆಗೆ ಹೋಗುತ್ತದೆ.

ಕಳೆ ತೆಗೆಯುವ ಹೆಂಗಸರ ಪಾಡೇನು ಎಂಬ ಪ್ರಶ್ನೆಯನ್ನು ಈ ಚರ್ಚೆಗಳಲ್ಲಿ ಯಾರೂ ಎತ್ತುವುದಿಲ್ಲ. ಹೊಲದ ಕಸ ಕಡಿಮೆಯಾದರೆ ಅವರ ಕೂಲಿಯ ದಿನಗಳೂ ಕಡಿಮೆಯಾಗುತ್ತವೆ. ದಿನವಿಡೀ ಬಾಗಿ ಕೂತು ಮಾಡುವ ಆ ಕೆಲಸ ಸೊಂಟ ಮುರಿಯುವಂಥದು, ನಿಜ. ಆದರೆ ಜಮೀನಿಲ್ಲದ ಮನೆಗೆ ಜುಲೈ, ಆಗಸ್ಟ್‌ನಲ್ಲಿ ಬರುವ ಹಣ ಅದೊಂದೇ ಆಗಿರುವುದೂ ನಿಜ. ಕಳೆನಾಶಕ ಆ ದಿನಗಳನ್ನು ಕೇಳದೆ ಕಿತ್ತುಕೊಂಡಿತು. ಸೆಣಬು ಕಿತ್ತುಕೊಳ್ಳುವುದು ಅದಕ್ಕಿಂತ ಕಡಿಮೆ; ಉಳಿದ ಕಳೆಗೆ ಕೈ ಬೇಕೇ ಬೇಕು, ನಾಟಿಗೂ ಬೇಕು. ನೇರ ಬಿತ್ತನೆಯಿಂದ ನಾಟಿಗೆ ಬದಲಾದ ಈರುಳ್ಳಿ ಹೊಲದಲ್ಲಿ ಕೂಲಿಯ ದಿನಗಳು ಕಳೆಯಿಂದ ನಾಟಿಗೆ ಸರಿಯುತ್ತವೆ.

ನೀರಿನ ವೇಳಾಪಟ್ಟಿ ಕೊನೆಯ ಮಾತು, ಆದರೆ ಕಾಲುವೆ ಅಚ್ಚುಕಟ್ಟಿನ ಮಟ್ಟಿಗೆ ಎಲ್ಲವೂ ನಿಂತಿರುವುದು ಅದರ ಮೇಲೆಯೇ. ಮುಂಗಾರು ಹಂಗಾಮಿಗೆ ಕಾಲುವೆಗೆ ನೀರು ಯಾವಾಗ ಬಿಡಬೇಕೆಂಬುದನ್ನು ಜಲಾಶಯದ ಒಳಹರಿವು ನೋಡಿ ಆಲಮಟ್ಟಿಯಲ್ಲಿ ಸೇರುವ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ನೀರು ಬರುವುದು ಸಾಮಾನ್ಯವಾಗಿ ಜುಲೈನಲ್ಲಿ. ಆ ಹೊತ್ತಿಗೆ ಬಿತ್ತಿದ ಸೆಣಬು ಮಣ್ಣಿಗೆ ಸೇರುವುದು ಸೆಪ್ಟೆಂಬರ್‌ನಲ್ಲಿ, ಸರಿಯಾಗಿ ಮಳೆ ಜೋರಾಗಿ ಹಿಡಿಯುವ ತಿಂಗಳಲ್ಲಿ, ಟ್ರ್ಯಾಕ್ಟರ್ ಹೊಲಕ್ಕಿಳಿಯಲಾಗದಾಗ. ಸೆಣಬು ಜೂನ್ ಮೊದಲ ಮಳೆಗೇ ಬಿದ್ದರೆ ಆಗಸ್ಟ್ ಮೊದಲ ವಾರ ಹೊಲ ತೆರವಾಗುತ್ತದೆ, ಕರಗಲು ಬೇಕಾದ ತೇವವನ್ನು ಕಾಲುವೆ ಕೊಡುತ್ತದೆ, ಅಗಿ ನಾಟಿಗೆ ಸಿದ್ಧವಿರುತ್ತದೆ. ಅದಕ್ಕೆ ಬೀಜ ಮೇ ತಿಂಗಳಲ್ಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿರಬೇಕು. ತೊಗರಿ, ಹೆಸರು, ಸಜ್ಜೆಯ ಚೀಲಗಳ ಜೊತೆಗೇ.